ಗಾರಿಗಿ ಗುರುವಾರದ ಪುರಾವೆ

ನಮ್ಮ ಮನೆಯಲ್ಲಿ ಸಂಜೆಗೆ ಯಾವ ಪಲ್ಯ ಎಂದು ನಿರ್ಧರಿಸುವ ಅಧಿಕಾರ ನನಗೆ ಎಂದೂ ಇದ್ದಿಲ್ಲ. ಬದನೆಕಾಯಿ ಎಂದರೆ ಬದನೆಕಾಯಿ, ಬೇಳೆ ಎಂದರೆ ಬೇಳೆ. ಅಂಥವನ ಕೊರಳಿಗೆ ನಮ್ಮೂರು ಮುಚ್ಚಂಡಿಯ ಅಡುಗೆಮನೆಗಳಲ್ಲೆಲ್ಲ ಯಾವ ದಿನ ಏನು ಬೇಯಬೇಕೆಂದು ತೀರ್ಮಾನಿಸುವ ಹೊಣೆ ಬಿತ್ತೆಂದರೆ ನೀವು ನಂಬುವುದಿಲ್ಲ. ಮೊದಲು ನಾನೂ ನಂಬಿರಲಿಲ್ಲ.

ನಾನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರ, ಹೆಸರು ಶಿವಪುತ್ರ. ಊರವರ ಬಾಯಲ್ಲಿ ಗುರುಜಿ. ನನ್ನ ಹೆಂಡತಿ ಶಾಂತಾದೇವಿ ಊರಿನ ಬಚತ ಗಟದ ಅಧ್ಯಕ್ಷೆ. (ಬಚತ ಗಟವೆಂದರೆ ಹೆಂಗಸರ ಉಳಿತಾಯ ಸಂಘ. ಉಳಿದದ್ದೆಲ್ಲ ಉಳಿಸುತ್ತಾರೆ, ಗಂಡಂದಿರ ಮಾನವೊಂದನ್ನು ಬಿಟ್ಟು.) ಇವರ ಶೇಂಗಾ ಚಟ್ನಿ, ಕಡಕ್ ರೊಟ್ಟಿ ತಾಲೂಕಿನ ಪೇಟೆ ಜತ್ತದ ಅಂಗಡಿಗಳವರೆಗೆ ಹೋಗುತ್ತವೆ. ಹೊಸ ವರ್ಷಕ್ಕೆ ಗಟದ ಹೆಸರಿನಲ್ಲಿ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದೆಂದು ಠರಾವಾಯಿತು. ಯುಗಾದಿ, ದೀಪಾವಳಿ ಎಲ್ಲ ಕ್ಯಾಲೆಂಡರಿನಲ್ಲೂ ಇರುತ್ತವೆ. ಇವರಿಗೆ ಬೇಕಾದದ್ದು ಪಂಚಾಂಗದಲ್ಲಿಲ್ಲದ, ಸರಕಾರ ರಜೆ ಕೊಡದ, ಆದರೂ ಮಂದಿ ಪಂಕ್ತಿ ಹಾಕಿ ಉಣ್ಣುವ ದಿನಗಳು.

ತೊಂದರೆ ಶುರುವಾದದ್ದು ಮೊಬೈಲಿನಿಂದ. ಪಿಜ್ಜಾ ದಿನ, ಚಾಕಲೇಟ್ ದಿನ, ನೂಡಲ್ಸ್ ದಿನ ಎಂದು ಒಬ್ಬೊಬ್ಬರು ಒಂದೊಂದು ಕಳಿಸತೊಡಗಿದರು. ಸಮೋಸಾಕ್ಕಂತೂ ಎರಡೆರಡು ಹುಟ್ಟುಹಬ್ಬ ಬಂದವು. ಖರೆ ಯಾವುದು, ಖೊಟ್ಟಿ ಯಾವುದು ಎಂದು ಆರಿಸಲು ಒಬ್ಬ ನಂಬಿಗಸ್ತ ಬೇಕಾದ. ಆಗ ಶಾಂತಾ ಸಭೆಯಲ್ಲಿ ಎದ್ದು ನಿಂತು, "ನಮ್ಮ ಮನಿಯವರು ಅದಾರಲ್ಲ. ಅವರ ಬಾಯಾಗ ಸುಳ್ಳ ಅನ್ನೂದ ಬರೂದಿಲ್ಲ" ಎಂದಳಂತೆ.

ಈ ಸುದ್ದಿ ತಂದದ್ದು ಓಣಿಯ ಮುಕ್ತಾಬಾಯಿ. "ಭಾಳ ಗಂಭೀರ ಹೇಳಿದ್ರು ನೋಡ್ರಿ ಗುರುಜಿ. ಒಂಚೂರೂ ನಗಲಿಲ್ಲ" ಎಂದಳು. ನನ್ನ ಎದೆ ಉಬ್ಬಿತು. ಹೆಂಡತಿ ನಗದೆ ನನ್ನ ಬಗ್ಗೆ ಮಾತಾಡಿದ್ದಾಳೆಂದರೆ ಅಲ್ಲೇ ಹೆದರಬೇಕಿತ್ತು. ಹೆದರಲಿಲ್ಲ.

ನಿರ್ಣಾಯಕ ಮಂಡಳಿಯ ಏಕಮೇವ ಸದಸ್ಯನಾಗಿ ನಾನು ಮೂರು ಕಲಮು ಬರೆದೆ. ಆ ದಿನವನ್ನು ಯಾರಾದರೂ ಹದಿನೈದು ವರ್ಷವಾದರೂ ನಡೆಸಿಕೊಂಡು ಬಂದಿರಬೇಕು. ಅದಕ್ಕೊಂದು ಕಥೆ ಇರಬೇಕು. ಆ ಕಥೆಯನ್ನು ಮನೆಯ ಹಿರಿಯರೊಬ್ಬರು ಎದುರಿಗೆ ಕುಳಿತು ಹೌದು ಅನ್ನಬೇಕು. ಈ ಮೂರನೆಯದನ್ನು ಯಾರೂ ಕೇಳಿರಲಿಲ್ಲ, ನಾನೇ ಜಾಣತನದಿಂದ ಸೇರಿಸಿದ್ದು. ಅದನ್ನು ಬರೆಯುವಾಗ ನನ್ನ ಕೈ ಯಾಕೆ ಸೆಟೆದು ಹೋಗಲಿಲ್ಲವೋ.

ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಮೊದಲ ಬೈಠಕ್ ಕೂಡಿತು. ಅದಕ್ಕೂ ಮೊದಲೇ ಬಸ್ ಸ್ಟ್ಯಾಂಡಿನ ಗಾಡಿಯ ಧನಾಜಿ ಕಾಗದದಲ್ಲಿ ಸುತ್ತಿದ ಎರಡು ಬಿಸಿ ವಡಾಪಾವ್ ತಂದು ನನ್ನ ಮುಂದಿಟ್ಟು, "ವಡಾಪಾವ್ ದಿನ ಅಂತ ಖರೆನ ಐತ್ರಿ ಗುರುಜಿ. ಹಾಕ್ರಿ" ಎಂದ. ಎರಡನ್ನೂ ತಿಂದು, ಬಾಯಿ ಒರೆಸಿಕೊಂಡು, ಅವನ ಗಾಡಿಗೆ ಬರೀ ಒಂಬತ್ತು ವರ್ಷವೆಂದು ಒಂದನೆಯ ಕಲಮಿನ ಮೇರೆಗೆ ಅರ್ಜಿ ವಜಾ ಮಾಡಿದೆ. (ನ್ಯಾಯ ಬೇರೆ, ಹಸಿವು ಬೇರೆ.)

ಪಿಜ್ಜಾ, ಚಾಕಲೇಟ್ ಮುಂತಾದವು ಹತ್ತು ನಿಮಿಷದಲ್ಲಿ ಉದುರಿದವು. ಸೀತನಿ ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ಉಜ್ಜಿ ತಿನ್ನುವ ಆ ದಿನ ಖರೆ ಎನ್ನಲು ಪುರಾವೆ ಬೇಡ, ಆದರೆ ತಾರೀಖು ಎಲ್ಲಿಂದ ತರುವುದು? "ತೆನಿಗೆ ಕ್ಯಾಲೆಂಡರ್ ಓದಾಕ ಬರೂದಿಲ್ರಿ" ಎಂದಳು ಗಟದ ಕಾರ್ಯದರ್ಶಿ ರೂಪಾಲಿ. ಜನವರಿ ಹಾಳೆಯ ಮೂಲೆಯಲ್ಲಿ ‘ತೆನೆ ಕರೆದಾಗ’ ಎಂದು ಹಾಕುವುದಾಯಿತು. ಶ್ರಾವಣದ ಮುಂಚಿನ ಗಟಾರಿ ಅಮಾವಾಸ್ಯೆಯ ಹೆಸರನ್ನು ಯಾರೋ ಮೆಲ್ಲಗೆ ಎತ್ತಿದರು. ಶಾಂತಾ ಅದನ್ನು ಅಲ್ಲೇ ತಡೆದಳು: "ಅದನ್ನ ಬರೀಬೇಕಾಗಿಲ್ಲ. ಕುಡಿಯೋ ಗಂಡಸರಿಗೆ ಅದೊಂದ ದಿನ ಕ್ಯಾಲೆಂಡರ್ ಇಲ್ಲದನ ನೆನಪಿರ್ತೈತಿ."

ಮುಂದಿನ ವರ್ಷ ಅಧಿಕ ಮಾಸ ಬರುತ್ತದೆ, ಅಳಿಯನನ್ನು ಕರೆದು ಮೂವತ್ತಮೂರು ಅನಾರಸ ಕಜ್ಜಾಯ ಕೊಡುವ ಪದ್ಧತಿ ಇದೆಯಲ್ಲ ಎಂದು ನಾನೇ ನೆನಪು ಮಾಡಿದೆ. ಮುಕ್ತಾಬಾಯಿಯ ಮುಖ ಬಾಡಿತು.

"ಅದು ಖರೆ ದಿನ ಹೌದ್ರಿ ಗುರುಜಿ. ಆದ್ರ ಹಾಕಬ್ಯಾಡ್ರಿ."

"ಯಾಕ?"

"ನನಗ ಮೂರ ಮಂದಿ ಅಳಿಯರು. ಮೂರೂ ಮಂದಿಗಿ ಓದಾಕ ಬರ್ತೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ನಾನು ನಕ್ಕದ್ದು ಅದೇ ಕಡೆಯದು. ಯಾಕೆಂದರೆ ಮುಕ್ತಾಬಾಯಿ ಅಳಿಯಂದಿರಿಂದ ಪಾರಾದ ಹುರುಪಿನಲ್ಲಿ, "ಅದನ್ನ ಬಿಡ್ರಿ, ನಿಮ್ಮ ಮನಿ ಗಾರಿಗಿ ಗುರುವಾರ ಹಾಕ್ರಿ. ಅದಕ್ಕಿಂತ ಖರೆ ದಿನ ಯಾವುದೈತಿ? ಶಾಂತಕ್ಕನ್ನ ನೋಡಿ ನಾವೂ ಆರ ವರ್ಷದಿಂದ ಮಾಡಾಕ ಹತ್ತೀವಿ. ಅರ್ಧ ಓಣಿ ಮಾಡ್ತೈತಿ" ಎಂದುಬಿಟ್ಟಳು.

ನಾನು ಗಡಬಡಿಸಿ ಪಟ್ಟಿಯ ಮುಂದಿನ ಹೆಸರು ಓದತೊಡಗಿದೆ, ಯಾರೂ ಕಿವಿಗೊಡಲಿಲ್ಲ.

ಈಗ ನಿಮಗೆ ಹೇಳಿಬಿಡುತ್ತೇನೆ, ಬೇರೆ ಯಾರಿಗೂ ಹೇಳಬೇಡಿ. ಗಾರಿಗಿ ಗುರುವಾರವೆಂಬುದು ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಶಾಂತಾ ತಿಕೋಂಡಿಯ ತವರಿನಿಂದ ಒಂದು ಡಬ್ಬಿ ಕುಂಬಳಕಾಯಿ ಗಾರಿಗಿ, ಎಣ್ಣೆಯಲ್ಲಿ ಕರಿದ ಸಿಹಿ ವಡೆ, ತಂದಿದ್ದಳು. ಬೆಲ್ಲದ ಪಾಕ ಹದವಾಗಿ, ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ. ಇನ್ನೊಮ್ಮೆ ಮಾಡು ಎನ್ನಲು ಹೊಸ ಗಂಡನಿಗೆ ನಾಚಿಕೆ. ಅದಕ್ಕೆ, ಸಂಕ್ರಾಂತಿಯಾದ ಎರಡನೆಯ ಗುರುವಾರ ಮನೆಯ ಗಂಡಸಿಗೆ ಹನ್ನೊಂದು ಗಾರಿಗಿ ಬಡಿಸುವುದು ನಮ್ಮ ಮನೆತನದ ಪದ್ಧತಿ ಎಂದೆ. ನಮ್ಮ ಅಜ್ಜ, ಮುತ್ಯಾ ಅಮೋಘಸಿದ್ದಪ್ಪ, ಎತ್ತು ಕಳೆದುಕೊಂಡು ಮೂರು ದಿನ ಹುಡುಕಿ, ಗುರುವಾರ ಮನೆಗೆ ಬಂದಾಗ ಅಜ್ಜಿ ಗಾರಿಗಿ ಕೊಟ್ಟಳೆಂದೂ, ಅದನ್ನು ತಿನ್ನುತ್ತಿರುವಾಗಲೇ ಎತ್ತು ತಾನಾಗಿ ಅಂಗಳಕ್ಕೆ ಬಂತೆಂದೂ ಒಂದು ಕಥೆ ಕಟ್ಟಿದೆ. ಶಾಂತಾ ಕೈ ಮುಗಿದಳು. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ.

"ಹದಿನೈದ ವರ್ಷ ದಾಟೈತಿ, ಕಥಿನೂ ಐತಿ" ಎಂದು ರೂಪಾಲಿ ಪೆನ್ನು ತೆಗೆದಳು. "ಇನ್ನ ಹಿರೇರ ಸಾಕ್ಷಿ ಒಂದ ಬೇಕು. ಕಾಳವ್ವಜ್ಜಿ ಎಲ್ಲಿ?"

ಕಾಳವ್ವ ನನ್ನ ತಾಯಿ. ಪುಣ್ಯಕ್ಕೆ ಮಗಳ ಮನೆಗೆಂದು ಕುಣಿಕೋಣೂರಕ್ಕೆ ಹೋಗಿದ್ದಳು. "ನಾಳೆ ಬರ್ತಾರ. ನಾಳೆ ಸಂಜಿಕ ಕೇಳೋಣ" ಎಂದಳು ಶಾಂತಾ. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ, "ನಂದೂ ಒಂದ ದಿನ ಐತ್ರಿ. ನಮ್ಮ ತವರಮನಿದು. ಹಂಚು ಮಲಗೋ ದಿನ. ಅದನ್ನೂ ನಾಳೆನ ನೋಡ್ರಿ" ಎಂದು ಸೇರಿಸಿದಳು.

ಹಂಚು ಮಲಗುವ ದಿನ ನನಗೆ ಹೊಸದಲ್ಲ, ಹಳೆಯ ಗಾಯ. ಪ್ರತಿ ಅಮಾವಾಸ್ಯೆಯ ಮರುದಿನ ರೊಟ್ಟಿಯ ಹಂಚನ್ನು ಒಲೆಯಿಂದ ಇಳಿಸಿ ಬೋರಲು ಮಲಗಿಸುತ್ತಾರೆ. ತಿಂಗಳಿಡೀ ಬೆಂಕಿ ತಿಂದ ಹಂಚು ಒಂದು ದಿನ ದಣಿವಾರಿಸಿಕೊಂಡರೆ ಗಂಡನ ಆಯುಷ್ಯ ಬೆಳೆಯುತ್ತದಂತೆ. ಆ ದಿನ ಹೆಂಗಸರು ಅಡುಗೆಮನೆಗೆ ಹೋಗುವಂತಿಲ್ಲ. ಗಂಡನೇ ಜೋಳದ ಅರಳು ಬೀಸಿದ ಅಳ್ಳಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಎಲ್ಲರಿಗೂ ಕೊಟ್ಟು, ಭಾಂಡೆ ತಿಕ್ಕಬೇಕು. ಯುಗಾದಿ ಪಾಡ್ಯಕ್ಕೂ ಬಲಿಪಾಡ್ಯಕ್ಕೂ ಮಾತ್ರ ವಿನಾಯಿತಿ. ಹತ್ತೊಂಬತ್ತು ವರ್ಷದಿಂದ ನಾನು ಹೀಗೆ ಆಯುಷ್ಯ ಗಳಿಸುತ್ತಿದ್ದೇನೆ.

ಮರುದಿನ ಶಾಲೆಯಲ್ಲಿ ಏಳರ ಮಗ್ಗಿ ಹೇಳಿಕೊಡುತ್ತ ಏಳೇಳಲಿ ಐವತ್ತಾರು ಎಂದೆ. ಮಕ್ಕಳೂ ಹಾಗೆಯೇ ಕೂಗಿದವು. ಕಣ್ಣ ಮುಂದೆ ಒಂದೇ ಚಿತ್ರ: ಹನ್ನೆರಡು ಹೆಂಗಸರ ನಡುವೆ ನಮ್ಮವ್ವ ಕುಳಿತು, ಅಂಥಾದ್ದೇನೂ ಇಲ್ಲವ್ವ ಎನ್ನುತ್ತಾಳೆ, ಶಾಂತಾ ನನ್ನ ಕಡೆ ತಿರುಗುತ್ತಾಳೆ. ಊರು ನಕ್ಕರೆ ನಗಲಿ. ಅವಳು ಹತ್ತೊಂಬತ್ತು ಸಲ ಕುಂಬಳಕಾಯಿ ತುರಿದು, ಎಣ್ಣೆಯ ಮುಂದೆ ನಿಂತು ಬೆವರಿದ್ದು ಒಂದು ಸುಳ್ಳಿಗಾಗಿ ಎಂದು ಅವಳಿಗೆ ಗೊತ್ತಾದರೆ ನಾನು ಯಾವ ಮುಖ ಹೊತ್ತು ತಾಟಿನ ಮುಂದೆ ಕೂಡಲಿ?

ಶಾಲೆ ಬಿಟ್ಟದ್ದೇ ಬಸ್ ಸ್ಟ್ಯಾಂಡಿಗೆ ಓಡಿದೆ. ಅವ್ವ ಇಳಿಯುತ್ತಲೇ ಅವಳ ಚೀಲ ಹಿಡಿದು, ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಎಲ್ಲವನ್ನೂ ಒಪ್ಪಿಕೊಂಡೆ.

"ಅಲ್ಲೋ ತಮ್ಮಾ," ಎಂದಳು ಅವ್ವ, "ನಿಮ್ಮ ಮುತ್ಯಾ ಕುಂಬಳಕಾಯಿ ಮುಟ್ಟತಿದ್ದಿಲ್ಲ. ತಿಂದ್ರ ಮೈ ತುಂಬ ತುರಸತಿತ್ತು."

"ಅವ್ವ, ನಿನ್ನ ಕಾಲಿಗಿ ಬೀಳ್ತೀನಿ. ಇಂದೊಂದ ದಿನ ಹೌದು ಅನ್ನು."

"ಕೇಳಿದ್ರ ಖರೆ ಹೇಳ್ತೀನಿ. ಕೇಳಲಿಲ್ಲಂದ್ರ ಸುಮ್ಮ ಕುಂದರ್ತೀನಿ. ಈ ವಯಸ್ಸಿನ್ಯಾಗ ಗಾರಿಗಿ ಸಲುವಾಗಿ ಸುಳ್ಳ ಹೇಳಿ ಶಿವನ ಮುಂದ ಹ್ಯಾಂಗ ನಿಂದರಲಿ?"

ಹಾಗಾದರೆ ಉಳಿದ ದಾರಿ ಒಂದೇ, ಅವ್ವನನ್ನು ಯಾರೂ ಕೇಳದಂತೆ ಮಾಡುವುದು.

ಸಂಜೆ ಸಭೆ ಕೂಡಿದೊಡನೆ ನಾನೇ ಎದ್ದು ನಿಂತೆ. ನ್ಯಾಯ ಹೇಳುವವನು ತನ್ನ ಮನೆಯ ದಿನವನ್ನು ತಾನೇ ಪಟ್ಟಿಗೆ ಸೇರಿಸಿಕೊಳ್ಳುವುದು ಧರ್ಮವಲ್ಲ, ಆದಕಾರಣ ಗಾರಿಗಿ ಗುರುವಾರವನ್ನು ಸ್ವಹಸ್ತದಿಂದ ಹೊಡೆದು ಹಾಕುತ್ತಿದ್ದೇನೆ ಎಂದು ಸಾರಿ, ರೂಪಾಲಿಯ ವಹಿಯಲ್ಲಿ ಅಡ್ಡಗೆರೆ ಎಳೆದೆ. ಹೆಂಗಸರು ದಂಗಾದರು. "ಎಂಥಾ ಮನಶ್ಯಾರವ್ವ" ಎಂದು ಮುಕ್ತಾಬಾಯಿ ಕಣ್ಣೊರೆಸಿಕೊಂಡಳು. ಶಾಂತಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಖರೇನ ಹೊಡದ ಹಾಕಿದ್ರೇನ್ರಿ? ಇನ್ನೊಮ್ಮೆ ವಿಚಾರ ಮಾಡ್ರಿ."

"ವಿಚಾರ ಮಾಡೇ ಹೊಡದೀನಿ."

"ಆತು ಬಿಡ್ರಿ."

ಅವಳ ದನಿಯಲ್ಲಿ ಬೇಸರವಿತ್ತೆಂದು ನನಗೆ ಅನ್ನಿಸಿತು. ಗಂಡನ ಮನೆತನದ ದಿನ ಹೋಯಿತಲ್ಲ ಪಾಪ, ಅವಳ ತವರಿನ ದಿನವನ್ನಾದರೂ ಉಳಿಸೋಣವೆಂದು ಹಂಚು ಮಲಗುವ ದಿನವನ್ನು ಕೈಗೆತ್ತಿಕೊಂಡೆ. ಎಂದೂ ಹಾಗೆ ಭಾಷಣ ಮಾಡಿದವನಲ್ಲ. ಹತ್ತೊಂಬತ್ತು ವರ್ಷ ಅಳ್ಳಿಟ್ಟು ಕಲಸಿದ ಈ ಎರಡು ಕೈಗಳೇ ಸಾಕ್ಷಿ ಎಂದೆ. ಎರಡು ಪಾಡ್ಯಕ್ಕೆ ವಿನಾಯಿತಿ ಇದೆ, ವಿನಾಯಿತಿ ಇರುವ ನಿಯಮ ಹಳೆಯದೇ ಇರಬೇಕು, ಸುಳ್ಳು ಹೇಳುವವನು ವಿನಾಯಿತಿಯ ತನಕ ವಿಚಾರ ಮಾಡುವುದಿಲ್ಲ ಎಂದೆ. ರೂಪಾಲಿ ಮೂರನೆಯ ಕಲಮು ನೆನಪಿಸಿ ಅವ್ವನ ಕಡೆ ತಿರುಗಿದಳು. ಅವ್ವ ಒಮ್ಮೆ ಬಾಯಿ ಬಿಟ್ಟರೆ ಮಾತು ಎತ್ತಲೋ ಹೋಗಿ ಮುತ್ಯಾನ ತುರಿಕೆಯವರೆಗೆ ಬಂದರೆ?

"ಅವ್ವನ್ನ ಕೇಳೂದ ಬ್ಯಾಡ," ಎಂದೆ ಅವಸರದಲ್ಲಿ. "ಇದರ ಜವಾಬ್ದಾರಿ ನಂದು. ನನ್ನ ಹೆಸರ ಹಾಕ್ರಿ."

ಅವ್ವ ಏನೋ ಹೇಳಲು ಹೋದವಳು ಎಲೆಅಡಿಕೆ ಬಾಯಿಗಿಟ್ಟುಕೊಂಡಳು. ಹಂಚು ಮಲಗುವ ದಿನ ಸರ್ವಾನುಮತದಿಂದ ಪಾಸಾಯಿತು. ಹೆಂಗಸರ ಚಪ್ಪಾಳೆ ಬಹಳ ಹೊತ್ತಿನ ತನಕ ನಿಲ್ಲಲೇ ಇಲ್ಲ.

ಕ್ಯಾಲೆಂಡರ್ ಬಂತು. ವಿನಾಯಿತಿಯ ಎರಡು ಪಾಡ್ಯ ಬಿಟ್ಟು ಪ್ರತಿ ಅಮಾವಾಸ್ಯೆಯ ಮರುದಿನಕ್ಕೆ ಬೋರಲು ಹಂಚಿನ ಚಿತ್ರ, ಕೆಳಗೆ ಕೆಂಪಕ್ಷರದಲ್ಲಿ ‘ಖಾತ್ರಿ ಮಾಡಿದವರು: ಶಿವಪುತ್ರ ಗುರುಜಿ’. ಜನವರಿಯ ಅಮಾವಾಸ್ಯೆ ಕಳೆದ ಮರುದಿನ ಊರಿನ ಗಂಡಸರೆಲ್ಲ ನನ್ನ ಕಡೆ ಒಂದು ಥರ ನೋಡಿದರು. ಧನಾಜಿ ನಮಸ್ಕಾರ ಹೇಳುವುದನ್ನೇ ಬಿಟ್ಟ.

ಅದಾದ ಮೂರನೆಯ ದಿನ ಗುರುವಾರ, ಸಂಕ್ರಾಂತಿಯ ನಂತರದ ಎರಡನೆಯದು. ಪಟ್ಟಿಯಲ್ಲಿಲ್ಲದಿದ್ದರೇನು, ಮನೆಯಲ್ಲಿ ಇದ್ದೇ ಇರುತ್ತದೆಂದು ಮಧ್ಯಾಹ್ನದ ಊಟ ಬಿಟ್ಟು, ಸಂಜೆ ಕೈಕಾಲು ತೊಳೆದು ಕುಳಿತೆ. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ.

"ಶಾಂತಾ, ಇಂದ ಗುರುವಾರ."

"ಹೌದ್ರಿ."

"ಗಾರಿಗಿ?"

"ಪಟ್ಟಿಯಾಗ ಇಲ್ಲಲ್ರಿ. ನೀವ ಹೊಡದ ಹಾಕೀರಿ. ಇನ್ನೊಮ್ಮೆ ವಿಚಾರ ಮಾಡ್ರಿ ಅಂತ ನಾ ಹೇಳಿದೆ."

"ಅದು ಮಂದಿ ಸಲುವಾಗಿ. ಮನಿಯಾಗ ಮುತ್ಯಾನ ಪದ್ಧತಿ ಬಿಡಾಕ ಬರ್ತೈತೇನು?"

"ಕುಂಬಳಕಾಯಿ ತಿಂದ್ರ ತುರಸತಿದ್ದ ಮುತ್ಯಾಂದಾ?"

ನಾನು ಅವ್ವನ ಕಡೆ ನೋಡಿದೆ. ಅವ್ವ ರೊಟ್ಟಿ ಮುರಿಯುತ್ತ, "ನಾ ಈಗ ಹೇಳಿಲ್ಲೋ. ಲಗ್ನಾದ ಮೊದಲನೇ ವರ್ಷನ ಆಕಿ ಕೇಳಿದ್ಲು, ಹೇಳಿದೆ" ಎಂದಳು.

ನಾನು ಶಾಂತಾಳ ಕಡೆ ತಿರುಗಿದೆ. ಹತ್ತೊಂಬತ್ತು ವರ್ಷ ಎಲ್ಲ ಗೊತ್ತಿದ್ದೂ ಯಾಕೆ ಮಾಡಿದೆ ಎಂದು ಕೇಳಿದೆ.

"ಆಸೆಪಟ್ಟು ಕೇಳಿದ್ರಿ. ನೆಟ್ಟಗ ಕೇಳಾಕ ಬರಲಿಲ್ಲ, ಪಾಪ, ಎತ್ತು ಕಳದ್ರಿ" ಎಂದಳು ಶಾಂತಾ, ಇನ್ನೊಂದು ರೊಟ್ಟಿ ಹಾಕುತ್ತ. "ನನಗೂ ತಿಂಗಳಿಗೊಂದ ದಿನ ಸುಮ್ಮ ಕುಂದರೂ ಆಸೆ ಇತ್ತು. ನನಗೂ ನೆಟ್ಟಗ ಕೇಳಾಕ ಬರಲಿಲ್ಲ."

ಅದು ಅರ್ಥವಾಗಲು ನನಗೆ ಒಂದು ಪೂರ್ತಿ ರೊಟ್ಟಿಯ ಹೊತ್ತು ಹಿಡಿಯಿತು. ಎದ್ದು ಹೋಗಿ ಕ್ಯಾಲೆಂಡರಿನ ಮುಂದೆ ನಿಂತೆ. ಡಿಸೆಂಬರ್ ತನಕ ಹಾಳೆ ಮಗುಚಿದೆ. ವಿನಾಯಿತಿಯ ಎರಡು ಬಿಟ್ಟರೆ ಹಾಳೆಹಾಳೆಗೂ ಹಂಚು ಬೋರಲು ಮಲಗಿತ್ತು, ಹಂಚು ಮಲಗಿದಲ್ಲೆಲ್ಲ ನನ್ನ ಹೆಸರಿತ್ತು.

ಮುಂದಿನ ಅಮಾವಾಸ್ಯೆಯ ಮರುದಿನ ನಾನು ಹಿತ್ತಲಲ್ಲಿ ಕುಳಿತು ಅಳ್ಳಿಟ್ಟು ಕಲಸುತ್ತಿದ್ದೆ. ಗೋಡೆಯಾಚೆ ಧನಾಜಿಯ ತಲೆ ಕಂಡಿತು, ಆಮೇಲೆ ಅವನ ಕೈಯಲ್ಲಿದ್ದ ಅಳ್ಳಿಟ್ಟಿನ ಪಾತೇಲಿ. ತಿಂಗಳ ನಂತರ ಮೊದಲ ಬಾರಿಗೆ ಮಾತಾಡಿದ.

"ಖರೆ ಹೇಳ್ರಿ ಗುರುಜಿ. ಇದು ಖರೇನ ಹಿರೇರ ಕಾಲದ ಪದ್ಧತಿ ಏನ್ರಿ?"

ನಡುಮನೆಯ ಕಿಟಕಿಯೊಳಗೆ ಬಳೆಯ ಸದ್ದು ನಿಂತಿತು. ಒಳಗೆ ಶಾಂತಾ ಕಾಲು ಚಾಚಿ ಕುಳಿತಿದ್ದಳು, ಅವಳ ಪಕ್ಕದಲ್ಲಿ ಅವ್ವ.

"ಖರೆ," ಎಂದೆ. "ಮಜ್ಜಿಗಿ ಒಮ್ಮೆಲೇ ಹಾಕಬ್ಯಾಡ. ಗಂಟ ಆಗ್ತಾವ."