ಭಾವನ ಸೆಂಟಿಮೀಟರೂ ನನ್ನ ಹತ್ತಡಿ ಪರದೆಯೂ

ನಾಲ್ಕಡಿಯ ಕಿಟಕಿಗೆ ಹತ್ತಡಿಯ ಪರದೆ ಹೊಲಿಸಿದ ಮಹಾನುಭಾವ ನಾನೇ. ಮೊದಲೇ ಒಪ್ಪಿಬಿಡುತ್ತೇನೆ. ಇಲ್ಲದಿದ್ದರೆ ಅಕ್ಕ ಹೇಳುತ್ತಾಳೆ; ಅವಳ ಬಾಯಲ್ಲಿ ಪರದೆ ಇನ್ನೂ ಉದ್ದವಾಗುತ್ತದೆ! ತಪ್ಪು ನನ್ನದು, ಆದರೆ ಕಾರಣ ಭಾವ. ತನ್ನ ನಿಟ್ಟುಸಿರನ್ನೂ ಲೀಟರಿನಲ್ಲಿ ಹೇಳಬಲ್ಲ ಮನುಷ್ಯ ಇಡೀ ಪುತ್ತೂರಿಗೆ ಒಬ್ಬರೇ. ಅವರೇ ನಮ್ಮ ಅಕ್ಕನಿಗೆ ಗಂಡನಾಗಿ ಸಿಗಬೇಕೇ?

ಮದುವೆಯ ನಂತರ ಮೊದಲ ಸಲ ಆಲೆಟ್ಟಿಯ ನಮ್ಮ ಮನೆಗೆ ಊಟಕ್ಕೆ ಬಂದಾಗಲೇ ಇದು ಗೊತ್ತಾಯಿತು. ಅಮ್ಮ "ಸಾರು ಹಾಕ್ಲಾ?" ಎಂದರೆ, "ಐವತ್ತು ಮಿಲಿ ಸಾಕು ಅತ್ತೆ" ಎಂದರು. ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಯಾರದೋ ಹತ್ತು ಸೆಂಟ್ಸ್ ಜಾಗದ ಸುದ್ದಿ ತೆಗೆದರು. ಭಾವ ಉಪ್ಪಿನಕಾಯಿ ನೆಕ್ಕುತ್ತಲೇ, "ಹತ್ತಿರ ಹತ್ತಿರ ನಾನೂರೈದು ಚದರ ಮೀಟರ್ ಆಯ್ತು ಮಾವ" ಎಂದರು. ಮುಗಿಯಿತು! ಅಪ್ಪ ಅವತ್ತಿನಿಂದ ಅಳಿಯನ ಪಾರ್ಟಿ.

ನಾನೇನು ಕಡಿಮೆಯೇ? ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಸ್ವರ ತೆಗೆದು "ಸುಬ್ರಹ್ಮಣ್ಯ, ಸುಬ್ರಹ್ಮಣ್ಯ!" ಎಂದರೆ, ಬಸ್ಸೇ ಇಲ್ಲದಿದ್ದರೂ ಇಬ್ಬರಾದರೂ ಚೀಲ ಹಿಡಿದು ಏಳುತ್ತಾರೆ. ಅದನ್ನು ಕಂಡು ಹೊಟ್ಟೆ ಹಿಡಿದು ನಗುತ್ತಿದ್ದವಳು ಅಕ್ಕ. ಆ ನಗು ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ.

ಒಂದು ಸಂಜೆ ಪುತ್ತೂರು ಪೇಟೆಯಲ್ಲಿ ಅಕ್ಕ ಮಲ್ಲಿಗೆ ಕೇಳಿದಳು. ನಮ್ಮಲ್ಲಿ ಕಟ್ಟಿದ ಮಲ್ಲಿಗೆಯ ಸುರುಳಿಗೆ ಚೆಂಡು ಎನ್ನುವುದು, ಮಾರುವುದೂ ಚೆಂಡಿನ ಲೆಕ್ಕದಲ್ಲೇ. ಭಾವ ಬಗ್ಗಿ ನೋಡಿ, "ಒಂದು ಚೆಂಡು ಅಂದ್ರೆ ಎಷ್ಟು ಸೆಂಟಿಮೀಟರ್ ಅಮ್ಮ?" ಎಂದರು.

"ಬಿಚ್ಚಿ ಅಳೀರಿ ಮಾರಾಯ್ರೆ, ಮತ್ತೆ ಹೀಗೇ ಸುತ್ತಿ ಕೊಡುದೂ ನೀವೇ!" ಎಂದಳು ಹೂವಿನಾಕೆ.

ಮನೆಗೆ ಹೋಗಿ ಬಿಚ್ಚಿ ಅಳೆದೇ ಬಿಟ್ಟರು! ಅಕ್ಕ ನಕ್ಕಳು ನೋಡಿ, ಹೊಟ್ಟೆ ಹಿಡಿದು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಕೂಡಲೇ ಭಾವನ ಸ್ವರ ತೆಗೆದು, "ಈ ಜಡೆಗೆ ಅರ್ಧ ಕಿಲೋಮೀಟರ್ ಮಲ್ಲಿಗೆ ಬೇಕು, ಅಂದ್ರೆ ಐವತ್ತು ಮೀಟರ್" ಎಂದೆ. ಅಕ್ಕ "ಥೇಟ್ ಇವರೇ!" ಎಂದು ನಕ್ಕಳು, ಆದರೆ ನೋಡಿದ್ದು ಗಂಡನ ಮುಖವನ್ನು. ಭಾವ ಗಂಭೀರವಾಗಿ, "ಸ್ವರ ಸರಿ ಉಂಟು. ಲೆಕ್ಕ ತಪ್ಪು. ಐನೂರು ಮೀಟರ್" ಎಂದರು.

ಇಂಥ ಹೊತ್ತಿನಲ್ಲಿ ಅವರ ಮನೆಯ ಪರದೆ ಹೊಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಯದ ಟೈಲರ್ ಅಂಗಡಿಯಲ್ಲಿ ನಿಂತು ಅಳತೆಗೆ ಫೋನ್ ಮಾಡಿದೆ. ಭಾವ "ಅಗಲ ತೊಂಬತ್ತು, ಉದ್ದ ನೂರಿಪ್ಪತ್ತು, ಸೆಂ..." ಎನ್ನುವಷ್ಟರಲ್ಲಿ ಕಟ್ ಮಾಡಿದೆ. ಆ ಶಬ್ದವನ್ನು ಇನ್ನೊಮ್ಮೆ ಕೇಳುವ ತಾಕತ್ತು ನನಗಿರಲಿಲ್ಲ! ಟೈಲರನದು ಯಾವಾಗಲೂ ಇಂಚಿನ ಲೆಕ್ಕ.

"ನೂರಿಪ್ಪತ್ತಾ? ಎಂತ, ಮದುವೆ ಹಾಲ್‌ಗಾ?"

"ನಮ್ಮ ಅಕ್ಕನ ಮನೆ ಅಂದ್ರೆ ಸಣ್ಣದಾ?" ಎಂದು ಎದೆ ಸೆಟೆಸಿದೆ.

ಪರದೆ ಕಿಟಕಿ ಇಳಿದು, ನೆಲ ಮುಟ್ಟಿ, ಸೋಫಾದ ಅಡಿಗೆ ಹೋಗಿ ಮಲಗಿತು. ಭಾವ ಟೇಪ್ ಹಿಡಿದರು. "ಒಂದು ಇಂಚಿಗೆ ಎರಡು ಪಾಯಿಂಟ್ ಐದು ನಾಲ್ಕು ಸೆಂಟಿಮೀಟರ್. ಒಟ್ಟು ನೂರ ಎಂಬತ್ತನಾಲ್ಕು ಪಾಯಿಂಟ್ ಎಂಟು ಹೆಚ್ಚು ಬಂತು, ಅಷ್ಟೇ." ಬೈಯಲಿಲ್ಲ. ಬೈದಿದ್ದರೆ ಅಕ್ಕನಾದರೂ ನನ್ನ ಕಡೆಗೆ ಬರುತ್ತಿದ್ದಳು. ಆ ದಾರಿಯನ್ನೂ ಮುಚ್ಚಿದರು!

ಅಕ್ಕ ನೆಲಕ್ಕೆ ಕೂತು ಕಣ್ಣೀರು ಬರುವಷ್ಟು ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಸತ್ಯ ಹೇಳು ಅಕ್ಕ, ನಿನಗೆ ಈಗ ಭಾವನೇ ಹೆಚ್ಚಲ್ವಾ? ನಾನು ಎಷ್ಟು?"

"ಯಾವ ಯೂನಿಟ್‌ನಲ್ಲಿ?" ಎಂದು ಕೇಳಿದರು ಭಾವ, ಟೇಪ್ ಸುತ್ತುತ್ತಾ.

ಅಕ್ಕ ಕಣ್ಣೊರೆಸಿಕೊಂಡು ಪರದೆಯ ಒಂದು ತುದಿಯನ್ನು ನನ್ನ ಕಡೆಗೆ ಎಸೆದಳು.

"ಸಣ್ಣದಿರುವಾಗ ಹಗಲಿಡೀ ನಿನ್ನನ್ನು ಸೊಂಟದಲ್ಲಿ ಹೊತ್ತುಕೊಂಡು ತಿರುಗುವಾಗ, ಇವನು ಎಷ್ಟು ಕಿಲೋ ಅಂತ ನಾನು ಯಾರನ್ನಾದರೂ ಕೇಳಿದ್ದುಂಟಾ ಮಾರಾಯ? ಹಿಡಿ, ಮಡಚುವ."