ಕೋಬೆಗೆ ಹೊರಟ ಟ್ರಂಕು

ಬೆಳಗಾವಿಯ ಪಂಢರಿನಾಥ ವಕೀಲರು ಜಪಾನಿಗೆ ಹೋಗುವುದೆಂದು ನಿಶ್ಚಯಿಸಿದ್ದು ಜಪಾನಿಗೆ ತಿಳಿದಿರಲಿಲ್ಲ. ಬೆಳಗಾವಿಗೆ ಮಾತ್ರ ಅಂದೇ ಸಂಜೆಯೊಳಗೆ ತಿಳಿಯಿತು.

"ಕೋಬೆ ಅಂತ ಒಂದು ಊರದ. ದೊಡ್ಡ ಬಂದರ. ನಾಕ ದಿನದಾಗ ನೋಡಿ ಮುಗಿಸಿ ಬರ್ತೀನಿ," ಎಂದು ಅವರು ಬಾರ್ ರೂಮಿನಲ್ಲಿ ಸಾರಿದ್ದರು. ಊರಂಚಿನ ಹಿಂಡಲಗಾ ಜೇಲಿಗೆ ಹೋಗಿ ಕಕ್ಷಿಗಾರನನ್ನು ಕಂಡು ಬರುವಷ್ಟೇ ಸಲೀಸಾಗಿತ್ತು ಆ ಮಾತು. ಬಾರ್ ರೂಮಿನವರು ಒಬ್ಬೊಬ್ಬರೂ ಎದ್ದು ಕೈಕುಲುಕಿದರು. ಅಲ್ಲಿಂದಾಚೆ ಹೋಗದೆ ಉಳಿಯುವ ದಾರಿಯೇ ಇರಲಿಲ್ಲ.

ಬಾಲ್ಯದ ಗೆಳೆಯ ದಿಗಂಬರ ಕೋಬೆಯಲ್ಲಿ ಅರಳೆ ವ್ಯಾಪಾರದ ಕಚೇರಿಯಲ್ಲಿದ್ದ. ಅವನೇ ಹಡಗಿನ ಟಿಕೀಟು ಕಳಿಸಿ ಕರೆದಿದ್ದ. ಹೋಗಲು ಒಂದು ತಿಂಗಳು, ಬರಲು ಒಂದು ತಿಂಗಳು, ನಡುವೆ ನಾಲ್ಕು ದಿನದ ವಾಸ. ಆ ನಾಲ್ಕು ದಿನಕ್ಕೆ ವಕೀಲರು ದೊಡ್ಡ ಹಾಳೆಯ ಮೇಲೆ ಯಾದಿ ಬರೆದರು. ಮೊದಲ ದಿನ ಬಂದರು, ಎರಡನೆಯ ದಿನ ಊರ ಹಿಂದಿನ ಗುಡ್ಡದ ಜಲಪಾತ, ಮೂರನೆಯ ದಿನ ಪೇಟೆ, ನಾಲ್ಕನೆಯ ದಿನ ವಿಶ್ರಾಂತಿ. ಪ್ರತಿದಿನ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ನಿದ್ದೆ. ದೇಶ ಬದಲಾದರೂ ವಕೀಲರು ಬದಲಾಗುವವರಲ್ಲ.

ಯಾದಿಯನ್ನು ಮೂರನೆಯ ಸಲ ಓದಿಸಿಕೊಂಡ ಹೆಂಡತಿ ಕುಂದಾ, ಅಕ್ಕಿಯಲ್ಲಿನ ಕಲ್ಲು ಆರಿಸುತ್ತಲೇ ಕೇಳಿದಳು. "ನಾನೂ ನಾಕ ದಿನ ಖಾನಾಪುರಕ್ಕ ಹೋಗಿ ಬರ್ಲೇನ್ರಿ? ತೌರಮನಿ ಕಂಡು ಆರು ವರ್ಷಾತು."

"ಖಾನಾಪುರಕ್ಕ? ಹೋಗೂದು ಬರೂದು ಅಂದ್ರ ಅಷ್ಟ ಸರಳ ಅಂತ ತಿಳಿದೀಯೇನು? ನಾ ಇದ್ದಾಗ ಹೋದ್ರ ಅಡಿಗಿ ಯಾರು ಮಾಡ್ಬೇಕು? ನಾ ಇಲ್ಲದಾಗ ಹೋದ್ರ ಮನಿ ಯಾರು ಕಾಯ್ಬೇಕು?"

"ಹದಿನಾರ ಮೈಲ ಅದರೀ."

"ದೂರದ ಪ್ರಶ್ನೆ ಅಲ್ಲ. ಬಂದೋಬಸ್ತಿನ ಪ್ರಶ್ನೆ."

ಕುಂದಾ ಮತ್ತೆ ಕಲ್ಲು ಆರಿಸತೊಡಗಿದಳು. ಆ ದಿನ ಕಲ್ಲು ಬಹಳ ಸಿಕ್ಕವು.

ಇನ್ನು ಪ್ರಯಾಣದ ದಾರಿ. ರೈಲು ಹತ್ತಿ ಮುಂಬಯಿಗೆ ಯಾರು ಬೇಕಾದರೂ ಹೋಗುತ್ತಾರೆ. ವಕೀಲರು ಖಾನಾಪುರದ ಮೇಲಿಂದ ಗೋವೆಯ ಮುರ್ಮಾಗೋವಾ ಬಂದರಿಗೆ ಹೋಗಿ, ಅಲ್ಲಿಂದ ಸಣ್ಣ ಬೋಟಿನಲ್ಲಿ ಮುಂಬಯಿ ಸೇರಿ, ದೊಡ್ಡ ಹಡಗು ಹತ್ತುವವರು. ಸಮುದ್ರ ಸ್ವಲ್ಪ ಸ್ವಲ್ಪವಾಗಿ ರೂಢಿಯಾಗಬೇಕಲ್ಲ.

ಹಡಗು ಹೊರಡುವುದು ಆಷಾಢದ ಬಿದಿಗೆ. ಜೋಯಿಸರು ಪಂಚಾಂಗ ನೋಡಿ ಮುಖ ಸಿಂಡರಿಸಿದರು. ಆಷಾಢದಲ್ಲಿ ಹೊರಡಲು ಒಳ್ಳೆಯ ದಿನವೇ ಇರಲಿಲ್ಲ. ಆದರೆ ಜ್ಯೇಷ್ಠದಲ್ಲಿ ಒಂದು ಗುರುವಾರ ಚೆನ್ನಾಗಿತ್ತು. ಅಂದು ಪ್ರಸ್ಥಾನ ಇಟ್ಟರಾಯಿತು ಎಂದರು. ಅಂದರೆ ಹೋಗುವ ದಾರಿಯಲ್ಲಿನ ಬೇರೊಬ್ಬರ ಮನೆಯಲ್ಲಿ ಒಳ್ಳೆಯ ದಿನ ನೋಡಿ ಗಂಟು ಇಟ್ಟುಬಿಡುವುದು. ಮನುಷ್ಯ ಆಮೇಲೆ ಯಾವಾಗ ಹೋದರೂ ದೋಷವಿಲ್ಲ.

ವಕೀಲರಿಗೆ ಇದು ಬಹಳ ಹಿಡಿಸಿತು. "ಗಂಟು ಇಟ್ಟ ಕ್ಷಣಕ್ಕ ಕಾಯಿದೆ ಪ್ರಕಾರ ನಾ ಹೊರಟಾತು," ಎಂದು ಹೆಂಡತಿಗೆ ವಿವರಿಸಿದರು. "ದೇಹ ಎಲ್ಲೆ ಇರ್ತದ ಅನ್ನೂದು ಗೌಣ."

ದಾರಿಯಲ್ಲಿದ್ದದ್ದು ಖಾನಾಪುರದ ಅತ್ತೆಯ ಮನೆ. ಹೊಸ ಕೋಟು, ಟಿಕೀಟು, ಪಾಸ್‌ಪೋರ್ಟು ಎಲ್ಲವನ್ನೂ ಟ್ರಂಕಿನಲ್ಲಿ ತುಂಬಿ, ಮುಚ್ಚಳದ ಮೇಲೆ ಯಾದಿಯ ಪ್ರತಿ ಅಂಟಿಸಿ, ಜೊತೆಗೆ ಅತ್ತೆಗೊಂದು ಚೀಟಿ ಇಟ್ಟು ಗುರುವಾರ ಕಳಿಸಿಕೊಟ್ಟರು.

"ನನಗಿಂತ ಮೊದಲ ನಿಮ್ಮ ಟ್ರಂಕ ನನ್ನ ತೌರಮನಿ ಕಂಡ್ತು," ಎಂದಳು ಕುಂದಾ.

ಮುಂದಿನ ವಾರ ಬೋಟಿನ ಕಚೇರಿಯಿಂದ ಉತ್ತರ ಬಂತು. ಮಳೆ ಹಿಡಿದ ಮೇಲೆ ಬೋಟುಗಳು ಓಡುವುದಿಲ್ಲ, ಮಳೆಗಾಲ ಮುಗಿದ ಮೇಲೆ ವಿಚಾರಿಸಬೇಕು. ಇದು ಕಾರವಾರದ ಮೀನುಗಳಿಗೂ ಗೊತ್ತಿದ್ದ ಸಂಗತಿ. ಇನ್ನು ಉಳಿದದ್ದು ಯಾರು ಬೇಕಾದರೂ ಹತ್ತುವ ಆ ಮುಂಬಯಿ ರೈಲು. ಅದು ಖಾನಾಪುರದತ್ತ ಹೋಗುವುದಿಲ್ಲ, ಅದಕ್ಕೆ ಬೆನ್ನು ಹಾಕಿ ಹೋಗುತ್ತದೆ. ವಕೀಲರು ಟ್ರಂಕು ತರಲು ಖಾನಾಪುರಕ್ಕೆ ಓಡಿದರು.

ಅತ್ತೆ ಗಂಗೂಬಾಯಿ ಹೊಟ್ಟೆ ತುಂಬ ಊಟಕ್ಕೆ ಬಡಿಸಿದರು. ಟ್ರಂಕು ಮಾತ್ರ ಕೊಡಲಿಲ್ಲ.

"ಪ್ರಸ್ಥಾನದ ಗಂಟು ಬಿಟ್ಟ ಊರಿಗೆ ತಿರುಗಿ ಹೋಗಬಾರದು. ಹೋದ್ರ, ಹೊರಟಾವ್ರು ಮನಿಗೆ ತಿರುಗಿ ಬರೂದಿಲ್ಲಂತ. ನನ್ನ ಮಗಳ ಕುಂಕುಮದ ಮಾತದ."

"ಅತ್ಯಾರ, ರೈಲು ಬೆಳಗಾವಿ ಹಾಯ್ದು ಹೋಗ್ತದ ಅಷ್ಟ. ಟ್ರಂಕ ಕೆಳಗ ಇಳಸೂದಿಲ್ಲ."

"ಹಾಯ್ದ್ರೂ ಊರು ಊರನ."

"ಹಂಗಾದ್ರ ಒಳಗಿನ ಕಾಗದ ಅಷ್ಟರೆ ಕೊಡ್ರಿ."

ಗಂಗೂಬಾಯಿ ದೇವರ ಗೂಡಿನಿಂದ ಒಂದು ಚೀಟಿ ತಂದು ಮುಂದೆ ಹಿಡಿದರು. ವಕೀಲರದೇ ಅಕ್ಷರ. 'ಈ ಟ್ರಂಕನ್ನು ಯಾವ ಕಾರಣಕ್ಕೂ ತೆರೆಯಕೂಡದು. ಯಾರು ಬಂದು ಕೇಳಿದರೂ ಬೆಳಗಾವಿಗೆ ಮರಳಿ ಕಳಿಸಕೂಡದು.' 'ಯಾರು ಬಂದು ಕೇಳಿದರೂ' ಎಂಬುದರ ಕೆಳಗೆ ಎರಡು ಗೆರೆ.

"ನೀವ ಬರದು ಕೊಟ್ಟೀರಿ. ಓದಿದವ್ರು ನೀವು," ಎಂದರು ಗಂಗೂಬಾಯಿ.

ಇಪ್ಪತ್ತು ವರ್ಷದ ವಕೀಲಿಯಲ್ಲಿ ಪಂಢರಿನಾಥರು ಬರೆದ ಕಾಗದಗಳಲ್ಲಿ ಸಂದಿ ಇಲ್ಲದ್ದು ಅದೊಂದೇ ಇರಬೇಕು. ಕೈಬೀಸಿಕೊಂಡು ಮರಳಿದರು.

"ನಿಮ್ಮವ್ವ ನೀ ಹೇಳಿದ್ರ ಕೇಳ್ತಾರ. ಇವತ್ತ ಹೋಗು. ಹಡಗಿಗೆ ಎಂಟ ದಿನ ಉಳದಾವು," ಎಂದರು ಹೆಂಡತಿಗೆ.

"ಅಡಿಗಿ?"

"ನಾ ಮಾಡ್ಕೋತೀನಿ."

"ಬಂದೋಬಸ್ತು?"

ವಕೀಲರು ಅವಳ ಕೈಚೀಲವನ್ನು ತಾವೇ ಹೊತ್ತುಕೊಂಡು ಸ್ಟೇಶನ್ನಿಗೆ ನಡೆದರು.

ಎರಡು ದಿನ ಕಳೆಯಿತು, ಮೂರು ಕಳೆಯಿತು. ವಕೀಲರ ಅನ್ನ ಕೆಳಗೆ ಸೀಯುತ್ತಿತ್ತು, ಮೇಲೆ ಅಕ್ಕಿಯಾಗಿಯೇ ಉಳಿಯುತ್ತಿತ್ತು. ರೈಲು ಬಂದಾಗಲೆಲ್ಲ ಸ್ಟೇಶನ್ನಿಗೆ ಹೋಗಿ ಬರುತ್ತಿದ್ದರು. ಕೋಬೆ ಕೈತಪ್ಪುತ್ತಿದೆಯೆಂದು ಅವರಿಗೆ ನಿಜವಾಗಿಯೂ ಅಳು ಬರುವಂತಾಗಿತ್ತು. ಹಡಗು ಸಿಗಬೇಕಾದರೆ ರೈಲು ಹತ್ತಲೇಬೇಕಾದ ಕಡೆಯ ದಿನ ಒಂದು ಕಾರ್ಡು ಬಂತು.

'ಪತಿಯವರ ಚರಣಗಳಿಗೆ ನಮಸ್ಕಾರಗಳು. ಟ್ರಂಕು ಕ್ಷೇಮ. ಅವ್ವ ಒಪ್ಪಲಿಲ್ಲ. ಮುಚ್ಚಳದ ಮೇಲಿನ ನಿಮ್ಮ ಯಾದಿ ಕಣ್ಣಿಗೆ ಬಿತ್ತು. ಅಷ್ಟು ಶ್ರಮಪಟ್ಟು ಬರೆದದ್ದು ವ್ಯರ್ಥವಾಗಬಾರದೆಂದು ನಾನೇ ನಡೆಸಿದೆ. ಮೊದಲ ದಿನ ಹೊಳೆಯ ದಂಡೆ ನೋಡಿದೆ. ಎರಡನೆಯ ದಿನ ಜಲಪಾತ. ಪಡಸಾಲೆಯ ಹಂಚು ಒಡೆದು ಮಳೆನೀರು ಒಳಗೇ ಧುಮುಕುತ್ತಿದ್ದುದರಿಂದ ಗುಡ್ಡಕ್ಕೆ ಹೋಗುವ ತೊಂದರೆ ತಪ್ಪಿತು. ಮೂರನೆಯ ದಿನ ನಂದಗಡದ ಪೇಟೆ. ನಾಲ್ಕನೆಯ ದಿನ ವಿಶ್ರಾಂತಿ. ಹನ್ನೆರಡರಿಂದ ಎರಡರವರೆಗಿನ ನಿದ್ದೆ ಒಂದು ದಿನವೂ ತಪ್ಪಲಿಲ್ಲ. ಆಷಾಢದಲ್ಲಿ ಹೊರಡಲು ಒಳ್ಳೆಯ ದಿನವಿಲ್ಲವೆಂದು ಇಲ್ಲಿಯ ಜೋಯಿಸರೂ ಹೇಳಿದರು. ಆದ್ದರಿಂದ ಜ್ಯೇಷ್ಠ ಮುಗಿಯುವ ಮೊದಲೇ, ಬೆಳಗಾವಿಯ ದಾರಿಯಲ್ಲಿರುವ, ಅವ್ವನ ತಂಗಿ ಶುಭದಾ ಮೌಶಿಯ ಮನೆಯಲ್ಲಿ ನನ್ನ ಕೈಚೀಲವನ್ನು ಪ್ರಸ್ಥಾನ ಇಟ್ಟಿದ್ದೇನೆ. ಕಾಯಿದೆ ಪ್ರಕಾರ ನಾನು ಹೊರಟಾಯಿತು. ಶ್ರಾವಣದಲ್ಲಿ ಬಂದು ಮುಟ್ಟುತ್ತೇನೆ.'

ಕಾರ್ಡನ್ನು ಎರಡನೆಯ ಸಲ ಓದುತ್ತಿದ್ದಾಗ ಬಾರ್ ರೂಮಿನ ಮಾರ್ತಾಂಡರಾಯರು ಹೂವಿನ ಹಾರ ಹಿಡಿದುಕೊಂಡು ಒಳಗೆ ಬಂದರು. ಸೀದ ಅನ್ನದ ವಾಸನೆಗೆ ಮೂಗು ಮುಚ್ಚಿಕೊಂಡರು.

"ಏನ್ರೀ ವಕೀಲರ, ರೈಲಿನ ಹೊತ್ತಾತು, ಇನ್ನೂ ಹೊರಟಿಲ್ಲ? ಕುಂದಾ ವೈನಿಯವರೂ ಕಾಣವಲ್ಲರು?"

ಪಂಢರಿನಾಥರು ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡು ಸೌಟು ಕೈಗೆತ್ತಿಕೊಂಡರು.

"ಹೊರಟೀವ್ರಿ," ಎಂದರು. "ಇಬ್ಬರೂ ಹೊರಟೀವಿ. ಕುಂದರ್ರಿ, ಊಟ ಮಾಡ್ಕೊಂಡು ಹೋಗ್ರಿ."