ಮಂಗೋಲರು ಬರಬೇಕಾಗಿದ್ದ ದಾರಿ

ಕೆಲವರಿಗೆ ಎಲೆಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ‘ಹಾಗಾಗಿದ್ದರೆ’ ಎಂಬ ಚಟ. ಬೀದರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ಆದದ್ದನ್ನು ಹೇಳಿ ಹೇಳಿ ಬೇಸತ್ತು, ಆಗದೇ ಹೋದದ್ದರ ಬೆನ್ನು ಹತ್ತಿದೆ. ದಿಲ್ಲಿಯ ಬಾಗಿಲಿಂದ ತಿರುಗಿಹೋದ ಮಂಗೋಲರು ಹಾಗೆ ತಿರುಗದೆ ದಕ್ಷಿಣಕ್ಕಿಳಿದು ಬೀದರಿಗೇ ಬಂದಿದ್ದರೆ? ನಾವೆಲ್ಲ ಈಗ ಜೋಳದ ರೊಟ್ಟಿಗೆ ಕುದುರೆ ಹಾಲಿನ ಮೊಸರು ಹಚ್ಚಿಕೊಳ್ಳುತ್ತಿದ್ದೆವೇ? ಇಂಥದ್ದನ್ನು ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ಎರಡನೇ ವರ್ಷವೂ ಮಳೆ ಕೈಕೊಟ್ಟು, ಜನ ಹೈದರಾಬಾದು, ಪುಣೆ ಕಡೆ ದುಡಿಯಲು ಹೊರಟರು. ತರಗತಿಯಲ್ಲಿ ಉಳಿದವರು ಒಂಬತ್ತು ಮಂದಿ. ಕೇಳುವವರಿಲ್ಲದೆ ಮಂಗೋಲರು ನನ್ನ ಹೊಟ್ಟೆಯಲ್ಲೇ ಡೇರೆ ಹಾಕಿದರು.

ಆಗ ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರಿನ ಟ್ಯಾಂಕರ್. ಒಂದು ಭಾನುವಾರ ಹೆಂಡತಿ ಸಂತೆಗೆ ಹೊರಡುತ್ತ, “ಬ್ಯಾರಲ್ ತುಂಬಿಸಿ ಇಡ್ರಿ. ನಾಳಿ ಮಗಳನ್ನ ನೋಡ್ಲಿಕ್ಕ ಗಂಡಿನವರು ಬರ್ತಾರ. ಸರದ್ಯಾಗ ನಿಂತು ಮಂಗೋಲರ ಸುದ್ದಿ ತೆಗೀಬ್ಯಾಡ್ರಿ” ಎಂದು ಎಚ್ಚರಿಸಿ ಹೋದಳು. ಸರದಿಯಲ್ಲಿ ನನ್ನ ಮುಂದೆ ಅರಿವೆ ಅಂಗಡಿಯ ರೇವಣಪ್ಪ, ಭಾಲ್ಕಿಯವರು. ಹಿಂದೆ ಔರಾದ ತಾಲೂಕಿನ ಎಕಂಬಾದ ಶರಣಮ್ಮ. ಟ್ಯಾಂಕರ್ ತಡವಾಯಿತು. ನಾಲಿಗೆ ತುರಿಸಿತು; ಮಂಗೋಲರು ಬೀದರಿಗೇ ಬರಬೇಕಾಗಿತ್ತು ಎಂದುಬಿಟ್ಟೆ.

“ಹೌದೇನ್ರಿ ಸರ! ಯಾವ ದಾರಿಲೆ ಬರ್ತಿದ್ರು?” ಎಂದರು ರೇವಣಪ್ಪ.

“ಔರಾದ ಮ್ಯಾಲಿಂದ ಬರಬಹುದಿತ್ತು” ಎಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದೆ.

“ನಮ್ಮ ಭಾಲ್ಕಿ ಕೋಟೆ ಬಿಟ್ಟು ಅಲ್ಲಿ ಯಾಕ ಹೋಗ್ತಾರ್ರಿ? ಲೂಟಿ ಮಾಡ್ಲಿಕ್ಕ ಅಲ್ಲಿ ಏನದ?”

ಶರಣಮ್ಮ ಕೊಡವನ್ನು ನೆಲಕ್ಕೆ ಕುಕ್ಕಿದರು. “ಯಾಕ್ರಿ ಅಣ್ಣಾ, ನಮ್ಮ ಕಡಿ ಲೂಟಿಗೂ ಲಾಯಕ್ ಇಲ್ಲೇನು? ರೈಲೂ ನಿಮ್ಮೂರಿಗೇ, ಮಂಗೋಲರೂ ನಿಮ್ಮೂರಿಗೇ?”

ಓಣಿ ಎರಡು ಪಾಲಾಯಿತು. ಮಂಗೋಲರ ಕೈಯಲ್ಲಿ ತಮ್ಮೂರು ಸುಟ್ಟು ಹಾಳಾಗುವ ಗೌರವವನ್ನು ಯಾರೂ ಬಿಟ್ಟುಕೊಡಲೊಲ್ಲರು. ಎಷ್ಟೋ ದಿನಕ್ಕೆ ಇಂಥ ಸಭೆ ಸಿಕ್ಕ ಸಂಭ್ರಮದಲ್ಲಿ ನಾನು ಬ್ಯಾರಲನ್ನು ಬೋರಲು ಹಾಕಿ, ಮೇಲೆ ಹತ್ತಿ ಭಾಷಣಕ್ಕೆ ನಿಂತೆ. ಟ್ಯಾಂಕರ್ ಬಂತು, ಬರಿದಾಯಿತು, ಹೋಯಿತು. ಉಳಿದವರೆಲ್ಲ ಬಾಯಲ್ಲಿ ಜಗಳವಾಡುತ್ತಲೇ ಕೈಯಲ್ಲಿ ಪೈಪು ಹಿಡಿದಿದ್ದರಂತೆ. ನಾನು ಕೆಳಗಿಳಿದಾಗ ನೆಲ ಮಾತ್ರ ಒದ್ದೆಯಾಗಿತ್ತು.

ಸಂತೆಯಿಂದ ಬಂದ ಹೆಂಡತಿ ಬ್ಯಾರಲಿನೊಳಗೆ ಇಣುಕಿ, “ಗಂಡಿನವರಿಗಿ ಕಾಲಿಗಿ ಏನ್ ಕೊಡ್ತೀರಿ?” ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳು ಎರಡು ಕೊಡ ತಂದು ನನ್ನ ಮುಂದಿಟ್ಟಳು. ತಲೆ ತಗ್ಗಿಸಿ ಶರಣಮ್ಮನ ಬಾಗಿಲಿಗೆ ಹೋದೆ.

“ನಿಮ್ಮ ಮಗಳು ಅಂದ್ರ ನಮ್ಮ ಮಗಳೇ, ಕೊಡ್ತೇನ್ರಿ ಸರ” ಎಂದ ಆಕೆ ನೀರು ಮೊಗೆದ ಚರಿಗೆ ಕೈಯಲ್ಲಿ ಹಿಡಿದೇ ನಿಂತರು. “ಆದ್ರ ಖರೇ ಹೇಳ್ರಿ, ಯಾವ ಕಡಿಂದ ಬರ್ತಿದ್ರು?”

“ಔರಾದ ಮ್ಯಾಲಿಂದನೇ. ಎಕಂಬಾದಾಗ ಒಂದು ತಿಂಗಳು ಮುಕ್ಕಾಂ ಮಾಡ್ತಿದ್ರು.”

ಎರಡು ಕೊಡವೂ ತುಂಬಿದವು.

ಮರುದಿನ ಗಂಡಿನವರು ಡಾಬಕಾದಿಂದ ಬಂದು ಕಾಲು ತೊಳೆದು ಕುಳಿತರು. ಹುಡುಗನ ತಂದೆ ಓಣಿಯಲ್ಲಿ ಏನು ಕೇಳಿದ್ದರೋ, ಅವಲಕ್ಕಿ ತಿನ್ನುತ್ತ, “ಸರ, ನಮ್ಮ ಡಾಬಕಾಕ್ಕೂ ಬರ್ತಿದ್ರೇನ್ರಿ ಅವ್ರು?” ಎಂದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಕಣ್ಣು ಕಂಡಿತು.

“ಮೊದಲು ಅಲ್ಲಿಗೇ ಬರ್ತಿದ್ರು. ಡಾಬಕಾದವರನ್ನ ಕಂಡು ಹೆದರಿ, ಅಲ್ಲಿಂದಲೇ ತಿರುಗಿ ಹೋಗ್ತಿದ್ರು” ಎಂದೆ.

ಮದುವೆ ಗೊತ್ತಾಯಿತು. ಆಧಾರವಿಲ್ಲದ ಮಾತು ಬರೆದ ಮಕ್ಕಳ ಉತ್ತರಪತ್ರಿಕೆಗಳಿಗೆ ನಾನು ಈಗಲೂ ಕೆಂಪು ಗೀಟು ಎಳೆಯುತ್ತೇನೆ. ಅಂಕ ಮಾತ್ರ ಕಳೆಯುವುದಿಲ್ಲ.